ಕಂಪ್ಯೂಟರ್ ತರಗತಿಯಲ್ಲಿ ಕೈಗೆ ಕೊಡುವ ಹಾಳೆ: ತಯಾರಿಸುವುದು ಹೇಗೆ?

ಗ್ರಂಥಾಲಯದಲ್ಲಿ ಕಂಪ್ಯೂಟರ್ ಹೇಳಿಕೊಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ತರಗತಿಯಲ್ಲಿ ಎಲ್ಲರೂ ಚೆನ್ನಾಗಿಯೇ ಮಾಡ್ತಾರೆ. ಮುಂದಿನ ವಾರ ಬಂದಾಗ ಮತ್ತೆ ಮೊದಲಿನಿಂದ ಶುರು ಮಾಡಬೇಕು. ನೋಟ್ಸ್ ಜೆರಾಕ್ಸ್ ಮಾಡಿಸಿ ಕೊಟ್ಟರೂ ಪ್ರಯೋಜನ ಇಲ್ಲ. ಏನು ಮಾಡೋದು?"

ಆ ನೋಟ್ಸ್ ಹಾಳೆಗಳನ್ನು ತರಿಸಿ ನೋಡಿದರೆ ಕಾರಣ ಅಲ್ಲೇ ಕಾಣುತ್ತದೆ. ಅವು ಪಾಠ ಮಾಡುವವರಿಗೆ ನೆನಪಾಗುವಂತೆ ಬರೆದ ಹಾಳೆಗಳು. 'ಇಂಟರ್‌ನೆಟ್ ಎಂದರೇನು', 'ಇ-ಮೇಲ್‌ನ ಉಪಯೋಗಗಳು' ಎಂದು ಶುರುವಾಗಿ ನಾಲ್ಕು ಪುಟ ಹೋಗುತ್ತವೆ. ಕಲಿಯಲು ಬಂದವರಿಗೆ ಈ ಹಾಳೆ ಬೇಕಾಗುವುದು ಬೇರೆಯೇ ಹೊತ್ತಿನಲ್ಲಿ. ತರಗತಿ ಮುಗಿದು ನಾಲ್ಕು ದಿನವಾಗಿದೆ. ಮಧ್ಯಾಹ್ನ ಬಂದು ಒಬ್ಬರೇ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ನೀವು ಅತ್ತ ಪುಸ್ತಕ ಕೊಡುತ್ತಿದ್ದೀರಿ, ಕರೆಯಲು ಅವರಿಗೆ ಸಂಕೋಚ. ಆ ಗಳಿಗೆಯಲ್ಲಿ ಅವರ ಬೆರಳು ಎಲ್ಲಿಗೆ ಹೋಗಬೇಕು ಎಂದು ಹೇಳುವುದಷ್ಟೇ ಹಾಳೆಯ ಕೆಲಸ. ಇಡೀ ಲೇಖನದಲ್ಲಿ ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದ ಮೇಲೆ, ಈಗ ಅರಿವು ಕೇಂದ್ರ ಎಂದು ಕರೆಯುವ ಈ ಜಾಗಗಳಲ್ಲಿ ಹಲವು ಕಡೆ ಕಂಪ್ಯೂಟರ್ ಬಂದಿದೆ. ಸಾಮಾನ್ಯವಾಗಿ ಅಲ್ಲಿ ಇರುವವರು ಒಬ್ಬರೇ ಮೇಲ್ವಿಚಾರಕರು. ಪುಸ್ತಕ, ಪತ್ರಿಕೆ, ರಿಜಿಸ್ಟರ್, ಮಕ್ಕಳ ಗಲಾಟೆ ಎಲ್ಲ ಅವರದೇ. ಇಂಥ ಕಡೆ ಒಳ್ಳೆಯ ಹಾಳೆಯೊಂದು ಅರ್ಧ ಆಳಿನ ಕೆಲಸ ಮಾಡುತ್ತದೆ. ನಗರದ ಶಾಖಾ ಗ್ರಂಥಾಲಯಗಳಲ್ಲಿ ಸ್ವಯಂಸೇವಕರಾಗಿ ಪಾಠ ಮಾಡುವವರಿಗೂ ಇದೇ ಕ್ರಮ ಸಲ್ಲುತ್ತದೆ.

ಬೇಕಾಗುವುದು ಹೆಚ್ಚೇನಿಲ್ಲ: ಯೂನಿಕೋಡ್ (ಬೇರೆ ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಪದ್ಧತಿ) ಕನ್ನಡ ಟೈಪ್ ಮಾಡಬಲ್ಲ ಕಂಪ್ಯೂಟರ್, ವರ್ಡ್ ಅಥವಾ ಲಿಬ್ರೆಆಫೀಸ್ ರೈಟರ್, ಎ4 ಹಾಳೆ, ಕಪ್ಪು-ಬಿಳುಪು ಪ್ರಿಂಟ್ ಆಗುವ ಒಂದು ಜಾಗ. ಇವಕ್ಕಿಂತ ಹೆಚ್ಚಾಗಿ, ಕಂಪ್ಯೂಟರ್ ಮುಟ್ಟಿ ಅಭ್ಯಾಸವಿಲ್ಲದ ಒಬ್ಬರು ನಿಮಗಾಗಿ ಅರ್ಧ ಗಂಟೆ ಕೊಡಬೇಕು. ಅವರು ಏಕೆ ಎಂಬುದು ಹಂತ 8ರಲ್ಲಿದೆ.

ಹಂತ 1: ಒಂದು ಹಾಳೆಗೆ ಒಂದೇ ಕೆಲಸ

'ಇ-ಮೇಲ್' ಎಂಬುದು ಕೆಲಸವಲ್ಲ, ವಿಷಯ. 'ಅರ್ಜಿಯನ್ನು ಇ-ಮೇಲ್‌ಗೆ ಲಗತ್ತಿಸಿ ಕಳಿಸುವುದು' ಎಂಬುದು ಕೆಲಸ. ಜನ ಯಾವ ಮಾತಿನಲ್ಲಿ ಕೇಳಿಕೊಂಡು ಬರುತ್ತಾರೋ ಅದೇ ಮಾತು ಹಾಳೆಯ ತಲೆಬರಹವಾಗಲಿ: 'ಫೋಟೊ ದೊಡ್ಡದಾಯ್ತು, ಅರ್ಜಿ ತಗೊಳ್ತಿಲ್ಲ', 'ಪಿಯುಸಿ ರಿಸಲ್ಟ್ ನೋಡಬೇಕು', 'ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಕು'. ಒಂದು ವಾರ ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಟ್ಟು, ಬಂದವರು ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ನಿಮ್ಮ ಹಾಳೆಗಳ ಪಟ್ಟಿ ಅಲ್ಲಿಂದಲೇ ಬರುತ್ತದೆ, ಪಠ್ಯಕ್ರಮ ಹುಡುಕಿಕೊಂಡು ಹೋಗಬೇಕಿಲ್ಲ.

ಹಾಳೆಯ ಒಂದೇ ಬದಿಯಲ್ಲಿ ಕೆಲಸ ಮುಗಿಯಬೇಕು. ಹತ್ತಕ್ಕಿಂತ ಹೆಚ್ಚು ಹೆಜ್ಜೆ ಬಂದರೆ ಅಲ್ಲಿ ಎರಡು ಕೆಲಸ ಸೇರಿಕೊಂಡಿವೆ ಎಂದೇ ತಿಳಿಯಿರಿ, ಒಡೆದು ಎರಡು ಹಾಳೆ ಮಾಡಿ.

ಹಂತ 2: ಮೊದಲು ನೀವೇ ಮಾಡಿ, ಪ್ರತಿ ಕ್ಲಿಕ್ಕನ್ನೂ ಬರೆದುಕೊಳ್ಳಿ

ಮನೆಯ ಲ್ಯಾಪ್‌ಟಾಪಿನಲ್ಲಿ ಮಾಡಿ ನೋಡಿ ಬರೆಯಬೇಡಿ. ಅಲ್ಲಿ ನಿಮ್ಮ ಪಾಸ್‌ವರ್ಡ್ ಆಗಲೇ ಸೇವ್ ಆಗಿರುತ್ತದೆ, ಬ್ರೌಸರ್ (ಇಂಟರ್‌ನೆಟ್ ಪುಟಗಳನ್ನು ತೆರೆದು ತೋರಿಸುವ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ನಂಥ ತಂತ್ರಾಂಶ) ನಿಮ್ಮ ಅಭ್ಯಾಸಕ್ಕೆ ಹೊಂದಿಕೊಂಡಿರುತ್ತದೆ. ಕಲಿಯುವವರು ಕೂರುವ ಕಂಪ್ಯೂಟರಿನಲ್ಲೇ, ಅವರು ಬಳಸುವ ಹಾಗೆಯೇ, ಹೊಸದಾಗಿ ಲಾಗಿನ್ ಆಗುವುದರಿಂದ ಶುರುಮಾಡಿ.

ಒಂದು ಕ್ಲಿಕ್, ಒಂದು ಗೆರೆ. ಮಧ್ಯೆ ಕಾಯಬೇಕಾಗಿ ಬಂದರೆ ಅದನ್ನೂ ಬರೆಯಿರಿ. ನಿಮಗೆ ಲೆಕ್ಕಕ್ಕೇ ಬಾರದ ಹೆಜ್ಜೆಗಳೇ ಕಲಿಯುವವರನ್ನು ನಿಲ್ಲಿಸಿಬಿಡುತ್ತವೆ: ಟೈಪ್ ಮಾಡುವ ಮೊದಲು ಆ ಖಾಲಿ ಚೌಕದೊಳಗೆ ಒಮ್ಮೆ ಕ್ಲಿಕ್ ಮಾಡಬೇಕು, ವಿಳಾಸ ಬರೆದ ಮೇಲೆ ಎಂಟರ್ ಒತ್ತಬೇಕು, ಅಡ್ಡಬಂದ ಸಣ್ಣ ಕಿಟಕಿಯನ್ನು ಮುಚ್ಚಬೇಕು. ನಮ್ಮ ಕೈ ಇವನ್ನೆಲ್ಲ ತಾನಾಗಿ ಮಾಡಿಬಿಡುವುದರಿಂದ ಕಣ್ಣಿಗೆ ಕಾಣುವುದಿಲ್ಲ. ನಿಧಾನವಾಗಿ ಎರಡು ಸಲ ಮಾಡಿ. ಎರಡನೇ ಸಲಕ್ಕೆ ಬಿಟ್ಟುಹೋದ ಮೂರು ನಾಲ್ಕಾದರೂ ಸಿಗುತ್ತವೆ.

ಹಂತ 3: ಹೆಜ್ಜೆಗಳನ್ನು ಬರೆಯುವುದು

ಇದೇ ಮುಖ್ಯ ಭಾಗ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪ್ರತಿ ಹೆಜ್ಜೆಯಲ್ಲಿ ಎರಡು ಭಾಗ ಇರಲಿ. ಮೊದಲನೆಯದು, ಕೈ ಏನು ಮಾಡಬೇಕು. ಎರಡನೆಯದು, ಮಾಡಿದ ಮೇಲೆ ಪರದೆಯಲ್ಲಿ ಏನು ಕಾಣಬೇಕು. ಬಹಳಷ್ಟು ಹಾಳೆಗಳಲ್ಲಿ ಎರಡನೆಯದು ಇರುವುದೇ ಇಲ್ಲ. ಒಬ್ಬರೇ ಕೂತವರಿಗೆ ಧೈರ್ಯ ಬರುವುದು ಆ ಎರಡನೆಯದರಿಂದಲೇ. ತಾನು ಸರಿಯಾದ ಜಾಗದಲ್ಲಿದ್ದೇನೋ ಇಲ್ಲವೋ ಎಂಬ ಅನುಮಾನ ಪರಿಹರಿಸದಿದ್ದರೆ ಮುಂದಿನ ಕ್ಲಿಕ್ಕಿಗೆ ಕೈ ಏಳುವುದಿಲ್ಲ.

ಇನ್ನೊಂದು ಮಾತು: ಜಾಗವನ್ನು ಮೊದಲು ಹೇಳಿ, ಕ್ರಿಯೆಯನ್ನು ಆಮೇಲೆ ಹೇಳಿ. 'ಸೆಂಡ್ ಬಟನ್ ಕ್ಲಿಕ್ ಮಾಡಿ, ಅದು ಕೆಳಗೆ ಎಡಗಡೆ ಇರುತ್ತದೆ' ಎಂದರೆ ಓದುವವರು ಮೊದಲ ಅರ್ಧಕ್ಕೇ ಪರದೆಯಿಡೀ ಹುಡುಕಲು ಶುರುಮಾಡಿರುತ್ತಾರೆ. 'ಪೆಟ್ಟಿಗೆಯ ಕೆಳಗೆ, ಎಡಗಡೆ, ನೀಲಿ ಬಣ್ಣದ ಸೆಂಡ್ ಇದೆ. ಅದನ್ನು ಕ್ಲಿಕ್ ಮಾಡಿ' ಎಂದು ಬರೆದರೆ ಕಣ್ಣು ಮೊದಲು ಅಲ್ಲಿಗೆ ಹೋಗಿ ನಿಲ್ಲುತ್ತದೆ, ಕೈ ಆಮೇಲೆ ಹಿಂಬಾಲಿಸುತ್ತದೆ. ಕನ್ನಡದಲ್ಲಿ ಕ್ರಿಯಾಪದ ಹೇಗೂ ವಾಕ್ಯದ ಕೊನೆಗೇ ಬರುತ್ತದೆ. ಈ ವಿಷಯದಲ್ಲಿ ನಮ್ಮ ಭಾಷೆಯೇ ನಮ್ಮ ಸಹಾಯಕ್ಕಿದೆ.

ಉದಾಹರಣೆಗೆ, ಹಲವು ಹಾಳೆಗಳಲ್ಲಿ ಕಾಣುವ ಗೆರೆ ಇಂಥದ್ದು:

'ಜಿಮೇಲ್‌ಗೆ ಲಾಗಿನ್ ಆಗಿ, ಕಂಪೋಸ್ ಆಯ್ಕೆಮಾಡಿ, ಅಗತ್ಯ ಕಡತವನ್ನು ಲಗತ್ತಿಸಿ ರವಾನಿಸಿ.'

ಒಂದೇ ವಾಕ್ಯದಲ್ಲಿ ಹದಿನೈದಿಪ್ಪತ್ತು ಕ್ಲಿಕ್ ಅಡಗಿವೆ. ಇದನ್ನು ಬಿಡಿಸಿ ಬರೆದಾಗ ಹಾಳೆ ಹೀಗಾಗುತ್ತದೆ:

ಅರ್ಜಿಯನ್ನು ಇ-ಮೇಲ್‌ನಲ್ಲಿ ಕಳಿಸುವುದು
ಕೂರುವ ಮೊದಲು ಕೈಯಲ್ಲಿ ಇರಬೇಕಾದ್ದು: ನಿಮ್ಮ ಇ-ಮೇಲ್ ವಿಳಾಸ ಮತ್ತು ಪಾಸ್‌ವರ್ಡ್, ನಿಮ್ಮ ಮೊಬೈಲ್, ಕಳಿಸಬೇಕಾದವರ ಇ-ಮೇಲ್ ವಿಳಾಸ, ಅರ್ಜಿ ಇರುವ ಪೆನ್‌ಡ್ರೈವ್ (ಕಂಪ್ಯೂಟರಿಗೆ ಸಿಕ್ಕಿಸಿ).
1. ಕ್ರೋಮ್ ತೆರೆಯಿರಿ. ಕೀಬೋರ್ಡಿನಲ್ಲಿ ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಒತ್ತಿಹಿಡಿದು, ಎನ್ ಒಮ್ಮೆ ಒತ್ತಿ. → ಕಪ್ಪು ಬಣ್ಣದ ಹೊಸ ಕಿಟಕಿ ತೆರೆಯುತ್ತದೆ.
2. ಕಿಟಕಿಯ ತುದಿಯಲ್ಲಿ ಉದ್ದನೆಯ ಪಟ್ಟಿ ಇದೆ. ಅದರೊಳಗೆ ಕ್ಲಿಕ್ ಮಾಡಿ, ಜಿಮೇಲ್ ಡಾಟ್ ಕಾಮ್ ಎಂದು ಟೈಪ್ ಮಾಡಿ, ಎಂಟರ್ ಒತ್ತಿ. → ಇ-ಮೇಲ್ ವಿಳಾಸ ಕೇಳುವ ಪುಟ ಬರುತ್ತದೆ.
3. ನಿಮ್ಮ ವಿಳಾಸ ಟೈಪ್ ಮಾಡಿ, 'ನೆಕ್ಸ್ಟ್' ಕ್ಲಿಕ್ ಮಾಡಿ. ಪಾಸ್‌ವರ್ಡ್ ಟೈಪ್ ಮಾಡಿ, ಮತ್ತೆ 'ನೆಕ್ಸ್ಟ್'. ಮೊಬೈಲ್‌ಗೆ ಏನಾದರೂ ಬಂದರೆ ನೋಡಿ ಒಪ್ಪಿಗೆ ಕೊಡಿ. → ನಿಮಗೆ ಬಂದ ಪತ್ರಗಳ ಪಟ್ಟಿ ಕಾಣುತ್ತದೆ.
4. ಮೇಲೆ, ಎಡಗಡೆ, ಪೆನ್ಸಿಲ್ ಗುರುತಿನ 'ಕಂಪೋಸ್' ಇದೆ. ಕ್ಲಿಕ್ ಮಾಡಿ. → ಕೆಳಗೆ ಬಲಗಡೆ ಬಿಳಿ ಪೆಟ್ಟಿಗೆ ತೆರೆಯುತ್ತದೆ.
5. ಪೆಟ್ಟಿಗೆಯ ಮೊದಲ ಗೆರೆಯಲ್ಲಿ ಯಾರಿಗೆ ಕಳಿಸಬೇಕೋ ಅವರ ವಿಳಾಸ ಟೈಪ್ ಮಾಡಿ. ಎರಡನೆಯ ಗೆರೆಯಲ್ಲಿ ಕ್ಲಿಕ್ ಮಾಡಿ, ಯಾವ ವಿಷಯ ಎಂದು ಬರೆಯಿರಿ.
6. ಪೆಟ್ಟಿಗೆಯ ಕೆಳಗಿನ ಸಾಲಿನಲ್ಲಿ ಯು-ಪಿನ್ ಆಕಾರದ ಗುರುತು ಇದೆ. ಕ್ಲಿಕ್ ಮಾಡಿ. → ಫೈಲುಗಳನ್ನು ತೋರಿಸುವ ಕಿಟಕಿ ತೆರೆಯುತ್ತದೆ.
7. ಆ ಕಿಟಕಿಯ ಎಡಗಡೆ ಪಟ್ಟಿಯಲ್ಲಿ ನಿಮ್ಮ ಪೆನ್‌ಡ್ರೈವ್ ಮೇಲೆ ಕ್ಲಿಕ್ ಮಾಡಿ. ಅರ್ಜಿಯ ಹೆಸರಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ. ಕೆಳಗೆ ಬಲಗಡೆ 'ಓಪನ್' ಕ್ಲಿಕ್ ಮಾಡಿ. → ಅರ್ಜಿಯ ಹೆಸರು ಬಿಳಿ ಪೆಟ್ಟಿಗೆಯೊಳಗೆ ಕಾಣುತ್ತದೆ. ಪಕ್ಕದ ಪಟ್ಟಿ ತುಂಬುವ ತನಕ ಕಾಯಿರಿ.
8. ಪೆಟ್ಟಿಗೆಯ ಕೆಳಗೆ, ಎಡಗಡೆ, ನೀಲಿ 'ಸೆಂಡ್' ಇದೆ. ಕ್ಲಿಕ್ ಮಾಡಿ. → 'ಮೆಸೇಜ್ ಸೆಂಟ್' ಎಂದು ಪರದೆಯ ಕೆಳಗೆ ಒಂದು ಗಳಿಗೆ ಕಾಣುತ್ತದೆ.
9. ಮೇಲೆ, ಬಲತುದಿಯಲ್ಲಿ ನಿಮ್ಮ ಹೆಸರಿನ ಅಕ್ಷರ ಅಥವಾ ಫೋಟೊ ಇರುವ ಉರುಟು ಗುರುತು ಇದೆ. ಕ್ಲಿಕ್ ಮಾಡಿ, 'ಸೈನ್ ಔಟ್' ಕ್ಲಿಕ್ ಮಾಡಿ. ಕಪ್ಪು ಕಿಟಕಿ ಮುಚ್ಚಿ.

ಆರನೇ ಹೆಜ್ಜೆಯಲ್ಲಿ ಮೊದಲು ನಾನು 'ಪೇಪರ್ ಕ್ಲಿಪ್' ಎಂದು ಬರೆದಿದ್ದೆ. ಅಂಗನವಾಡಿಯಲ್ಲಿ ಕೆಲಸ ಮಾಡುವ ಒಬ್ಬರು ಆ ಸಾಲಿನ ಎದುರು ಬಹಳ ಹೊತ್ತು ಕೂತಿದ್ದರು. ಆಮೇಲೆ ನನ್ನ ಫೈಲಿನಲ್ಲಿದ್ದ ಪಿನ್ ತೋರಿಸಿ, "ಇದಾ ಮೇಡಂ? ಇದಕ್ಕೆ ಯು-ಪಿನ್ ಅಂತೀವಲ್ಲ!" ಎಂದರು. ಅಂದಿನಿಂದ ಗುರುತುಗಳಿಗೆ ಹೆಸರಿಡುವ ಮೊದಲು ಕಲಿಯುವವರನ್ನೇ "ಇದು ನಿಮಗೆ ಏನಿದ್ದ ಹಾಗೆ ಕಾಣುತ್ತೆ?" ಎಂದು ಕೇಳುತ್ತೇನೆ. ಒಂದರ ಕೆಳಗೊಂದು ಇರುವ ಮೂರು ಗೆರೆಯ ಮೆನು ಗುರುತನ್ನು ಒಬ್ಬರು 'ವಿಭೂತಿ ಪಟ್ಟೆ' ಎಂದರು. ಹಾಳೆಗೆ ಅದೇ ಹೋಯಿತು, ಎಲ್ಲರಿಗೂ ತಟ್ಟನೆ ಸಿಕ್ಕಿತು.

ಹಂತ 4: ಪದಗಳಲ್ಲಿ ಒಂದೇ ಮಾತು ಇರಲಿ

ಕ್ಲಿಕ್ ಮಾಡಿ, ಒತ್ತಿ, ಆಯ್ಕೆ ಮಾಡಿ, ಸೆಲೆಕ್ಟ್ ಮಾಡಿ, ಕ್ಲಿಕ್ಕಿಸಿ ಎಂದು ಒಂದೇ ಹಾಳೆಯಲ್ಲಿ ಐದು ಬಗೆಯಾಗಿ ಬರೆದರೆ ಓದುವವರು ಅವು ಐದು ಬೇರೆ ಕೆಲಸ ಎಂದುಕೊಳ್ಳುತ್ತಾರೆ. ಶಾಲೆಯಲ್ಲಿ ಒಂದೇ ಪದ ಮತ್ತೆ ಮತ್ತೆ ಬರೆಯಬಾರದು ಎಂದು ಕಲಿಸಿದ್ದನ್ನು ಇಲ್ಲಿ ಬದಿಗಿಡಿ. ನನ್ನ ಲೆಕ್ಕ ಹೀಗೆ: ಮೌಸ್‌ಗೆ 'ಕ್ಲಿಕ್ ಮಾಡಿ', ಕೀಬೋರ್ಡಿಗೆ 'ಒತ್ತಿ', ಮೊಬೈಲ್ ಪರದೆಗೆ 'ಮುಟ್ಟಿ'. ಈ ಮೂರನ್ನು ಎಲ್ಲ ಹಾಳೆಗಳಲ್ಲೂ ಹೀಗೇ ಇಟ್ಟುಕೊಂಡರೆ ಎರಡನೇ ಹಾಳೆಯಿಂದ ವಿವರಣೆಯೇ ಬೇಕಾಗುವುದಿಲ್ಲ.

ಗಣಕಯಂತ್ರ, ಅಂತರ್ಜಾಲ, ಮಿಂಚಂಚೆ, ಗುಪ್ತಪದ ಇವೆಲ್ಲ ನನಗೂ ಪ್ರೀತಿಯ ಪದಗಳೇ. ಕನ್ನಡದಲ್ಲಿ ಹೊಸ ಪದ ಬೆಳೆಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ತರಗತಿಯಲ್ಲಿ ನಿಮ್ಮ ಬಾಯಲ್ಲಿ 'ಪಾಸ್‌ವರ್ಡ್' ಎಂದು ಕೇಳಿದವರಿಗೆ ಹಾಳೆಯಲ್ಲಿ 'ಗುಪ್ತಪದ' ಸಿಕ್ಕರೆ, ಅದೇ ಇದು ಎಂದು ತಿಳಿಯುವುದು ಹೇಗೆ? ಬಾಯಲ್ಲಿ ಆಡಿದ ಪದವೇ ಹಾಳೆಯಲ್ಲೂ ಇರಲಿ.

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಾಣುವ ಪದಗಳದ್ದು ಬೇರೆ ಮಾತು. ಹಾಳೆಯಲ್ಲಿ ಅವನ್ನು ಪರದೆಯಲ್ಲಿರುವಂತೆಯೇ ಇಂಗ್ಲಿಷ್ ಅಕ್ಷರದಲ್ಲಿ, ದೊಡ್ಡಕ್ಷರ ಸಣ್ಣಕ್ಷರ ಸಮೇತ ಅಚ್ಚುಹಾಕಿ, ಪಕ್ಕದಲ್ಲಿ ಕನ್ನಡ ಲಿಪಿಯಲ್ಲಿ ಉಚ್ಚಾರ ಕೊಡಿ (ಮೇಲಿನ ಉದಾಹರಣೆಯಲ್ಲಿ ನಾನು ಉಚ್ಚಾರವನ್ನಷ್ಟೇ ಕೊಟ್ಟಿದ್ದೇನೆ). ಇಂಗ್ಲಿಷ್ ಓದಲು ಬಾರದವರು ಆ ಪದವನ್ನು ಒಂದು ಚಿತ್ರದ ಹಾಗೆ ಹೋಲಿಸಿ ನೋಡಿ ಗುರುತಿಸುತ್ತಾರೆ. ಅರ್ಥವನ್ನು ಅನುವಾದ ಮಾಡಿ ಬರೆದುಬಿಟ್ಟರೆ ಹೋಲಿಸಲು ಏನೂ ಉಳಿಯುವುದಿಲ್ಲ.

ಪಾರಿಭಾಷಿಕ ಪದ ಬಂದಾಗ ಅಲ್ಲಲ್ಲೇ ಅರ್ಥ ಕೊಡಿ, ಕೊನೆಯಲ್ಲಿ ಪದಕೋಶ ಮಾಡಬೇಡಿ. ಓಟಿಪಿ ಎಂದರೆ ಮೊಬೈಲ್‌ಗೆ ಬರುವ, ಒಂದೇ ಸಲ ನಡೆಯುವ, ಸ್ವಲ್ಪ ಹೊತ್ತು ಮಾತ್ರ ಬಾಳುವ ಸಂಖ್ಯೆ. ಕೆಬಿ, ಎಂಬಿ ಎಂದರೆ ಫೈಲಿನ ತೂಕ ಇದ್ದಂತೆ. ಸುಮಾರು 1000 ಕೆಬಿ ಸೇರಿದರೆ 1 ಎಂಬಿ. 'ಫೋಟೊ 50 ಕೆಬಿ ಒಳಗಿರಬೇಕು' ಎಂದು ಅರ್ಜಿ ಕೇಳಿದಾಗ 3 ಎಂಬಿಯ ಫೋಟೊ ಏಕೆ ತೆಗೆದುಕೊಳ್ಳುವುದಿಲ್ಲ ಎಂದು ಅರ್ಥವಾಗಲು ಇಷ್ಟು ಸಾಕು.

ಹಂತ 5: ಪರದೆಯ ಚಿತ್ರ

ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್ ಕೀ, ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಪರದೆಯ ಬೇಕಾದಷ್ಟು ಭಾಗವನ್ನು ಮಾತ್ರ ಕತ್ತರಿಸಿ ತೆಗೆಯಬಹುದು. ಇಡೀ ಪರದೆಯನ್ನು ಹಾಕಬೇಡಿ. ಎ4 ಹಾಳೆಯಲ್ಲಿ ಅದು ಅಂಚೆಚೀಟಿಯಷ್ಟಾಗಿ ಏನೂ ಕಾಣುವುದಿಲ್ಲ. ಬಟನ್ ಮತ್ತು ಅದರ ಸುತ್ತಲಿನ ಸ್ವಲ್ಪ ಜಾಗ ಬಂದರೆ ಸಾಕು. ಎಲ್ಲ ಹೆಜ್ಜೆಗೂ ಚಿತ್ರ ಬೇಕಿಲ್ಲ. ಕಣ್ಣು ತಪ್ಪುವ ಮೂರು ನಾಲ್ಕು ಜಾಗಕ್ಕೆ ಕೊಡಿ.

ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ಆದಾಗ ಕೆಂಪು ಬಾಣವೂ ಬೂದು, ಹಿಂದಿನ ಬಟನ್ನೂ ಬೂದು. ಆದ್ದರಿಂದ ಬಾಣದ ಬದಲು ದಪ್ಪ ಕಪ್ಪು ವೃತ್ತ ಹಾಕಿ, ಒಳಗೆ ಹೆಜ್ಜೆಯ ಸಂಖ್ಯೆ ಬರೆಯಿರಿ.

ಎಚ್ಚರಿಕೆ: ಚಿತ್ರದಲ್ಲಿ ನಿಮ್ಮದಾಗಲಿ, ತರಗತಿಗೆ ಬಂದವರದಾಗಲಿ ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ, ಇ-ಮೇಲ್, ಪಹಣಿಯ ವಿವರ ಬರಲೇಬಾರದು. ಮಸುಕು ಮಾಡಿದರೆ ಸಾಲದು, ಕಪ್ಪು ಚೌಕದಿಂದ ಮುಚ್ಚಿ. ವರ್ಡ್‌ನಲ್ಲಿ ಚಿತ್ರದ ಮೇಲೆ ಚೌಕ ಇಟ್ಟು ಅದೇ ಫೈಲನ್ನು ಯಾರಿಗಾದರೂ ಕಳಿಸಿದರೆ ಅವರು ಚೌಕ ಸರಿಸಿ ಕೆಳಗಿನದನ್ನು ಓದಬಹುದು. ಪೇಂಟ್‌ನಲ್ಲಿ ಚಿತ್ರವನ್ನೇ ತಿದ್ದಿ ಸೇವ್ ಮಾಡಿದ ಮೇಲೆ ವರ್ಡ್‌ಗೆ ತನ್ನಿ.

ಹಂತ 6: ಅಕ್ಷರ, ಅಂತರ, ಅಂಚು

ಇಂಗ್ಲಿಷ್ ಹಾಳೆಗಳಿಗಾಗಿ ಹೇಳಿದ ಅಳತೆಗಳು ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ಅಕ್ಷರದ ಕೆಳಗೆ ಒತ್ತು, ಮೇಲೆ ಗುಡಿಸು. 'ಸ್ತ್ರೀ', 'ರಾಷ್ಟ್ರ' ಇಂಥ ಪದಗಳನ್ನು 11 ಪಾಯಿಂಟಿನಲ್ಲಿ (ಪಾಯಿಂಟ್ ಎಂದರೆ ಅಕ್ಷರದ ಗಾತ್ರದ ಅಳತೆ) ಜೆರಾಕ್ಸ್ ಮಾಡಿ ನೋಡಿ, ಒತ್ತಕ್ಷರ ಮಸಿಯ ಚುಕ್ಕೆಯಾಗಿರುತ್ತದೆ. ಐವತ್ತು ದಾಟಿದವರು ಓದುವ ಹಾಳೆಗೆ 16 ಪಾಯಿಂಟ್ ಇಡಿ, ಯಾವ ಕಾರಣಕ್ಕೂ 14ಕ್ಕಿಂತ ಇಳಿಯಬೇಡಿ. ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಕೊಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಬೇಡ. ಕನ್ನಡದ ಪದಗಳು ಉದ್ದ. 'ಕ್ಲಿಕ್ ಮಾಡಬೇಕಾಗಿರುವುದರಿಂದ' ಎಂಬಂಥದ್ದು ಸಾಲಿನ ಕೊನೆಗೆ ಬಂದಾಗ ಪದಗಳ ನಡುವೆ ಬಾಯಿ ತೆರೆದಂತೆ ಜಾಗ ಬೀಳುತ್ತದೆ. ಎಡಗಡೆ ಸಮ, ಬಲಗಡೆ ಹೇಗಿದ್ದರೂ ಸರಿ. ಓರೆ ಅಕ್ಷರವೂ ಬೇಡ. ಬೋಲ್ಡ್ ಅನ್ನು ತಲೆಬರಹಕ್ಕೆ ಮತ್ತು ಬಟನ್ ಹೆಸರಿಗೆ ಮಾತ್ರ ಇಟ್ಟುಕೊಳ್ಳಿ. ಇಡೀ ಪ್ಯಾರಾ ಬೋಲ್ಡ್ ಆದರೆ ಅಕ್ಷರಗಳ ಹೊಟ್ಟೆ ತುಂಬಿಹೋಗುತ್ತದೆ.

ಅಂಕಿಗಳು 1, 2, 3 ಎಂದೇ ಇರಲಿ. ಕೀಬೋರ್ಡಿನ ಮೇಲೆ ಇರುವುದು ಅವೇ.

ವೆಬ್ ವಿಳಾಸ ಅಚ್ಚುಹಾಕುವಾಗ ವಿಶೇಷ ಗಮನ ಬೇಕು. ವಿಳಾಸದ ಅಡಿಗೆರೆ ತೆಗೆದುಬಿಡಿ, ಏಕೆಂದರೆ ವಿಳಾಸದೊಳಗೇ ಅಂಡರ್‌ಸ್ಕೋರ್ (_) ಇದ್ದರೆ ಅದು ಅಡಿಗೆರೆಯಲ್ಲಿ ಮುಚ್ಚಿಹೋಗುತ್ತದೆ. ಸೊನ್ನೆ ಮತ್ತು ಓ, ಒಂದು ಮತ್ತು ಸಣ್ಣ ಎಲ್ ಬೇರೆ ಬೇರೆಯಾಗಿ ಕಾಣುವ ಫಾಂಟ್ ಆರಿಸಿ. 'ಗೂಗಲ್‌ನಲ್ಲಿ ಹುಡುಕಿ' ಎಂದು ಬರೆಯಬೇಡಿ. ಸರ್ಕಾರಿ ಸೇವೆಯ ಹೆಸರು ಹುಡುಕಿದಾಗ ಮೇಲೆ ಜಾಹೀರಾತಾಗಿ ಬೇರೆ ತಾಣಗಳು ಬರಬಹುದು, ಅಲ್ಲಿ ದುಡ್ಡು ಕಳೆದುಕೊಂಡವರಿದ್ದಾರೆ. ಪೂರ್ತಿ ವಿಳಾಸ ಕೊಟ್ಟು, 'ಕೊನೆಯಲ್ಲಿ ಗವ್ ಡಾಟ್ ಇನ್ ಅಥವಾ ಎನ್ಐಸಿ ಡಾಟ್ ಇನ್ ಇದೆಯೇ ನೋಡಿಕೊಳ್ಳಿ' ಎಂದು ಸೇರಿಸಿ.

ಇನ್ನು ಕನ್ನಡ ಟೈಪಿಂಗ್ ಕಲಿಸುವ ಹಾಳೆ. ಇದರಲ್ಲಿ ಎಡವುವವರೇ ಹೆಚ್ಚು. ಒಂದೇ 'ಕನ್ನಡ' ಪದಕ್ಕೆ ಕೀಲಿಮಣೆ ವಿನ್ಯಾಸದ ಪ್ರಕಾರ ಒತ್ತಬೇಕಾದ ಕೀಗಳು ಬದಲಾಗುತ್ತವೆ. ಕನ್ನಡ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ರೂಪುಗೊಂಡ, ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯಲ್ಲಿ ಬರುವ ವಿನ್ಯಾಸದಲ್ಲಿ ಕೆ, ಎನ್, ಎಫ್, ಎನ್, ಕ್ಯೂ. ಇಲ್ಲಿ ಎಫ್ ಎಂದರೆ ಒತ್ತು ಕೊಡುವ ಕೀ, ಕ್ಯೂ ಎಂದರೆ ಡ. ಉಚ್ಚಾರದಂತೆ ಬರೆಯುವ ಲಿಪ್ಯಂತರ ಪದ್ಧತಿಯಲ್ಲಿ ಕ್ಯೂ ಒತ್ತಿದರೆ ಡ ಬರುವುದಿಲ್ಲ. ಭಾರತೀಯ ಭಾಷೆಗಳಿಗೆಲ್ಲ ಒಂದೇ ಮಾದರಿಯಲ್ಲಿರುವ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕೀಗಳ ಜಾಗಗಳೇ ಬೇರೆ. ನಿಮ್ಮ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಯಾವುದಿದೆ ಎಂದು ನೋಡಿ, ಅದೊಂದನ್ನೇ ಹಾಳೆಯಲ್ಲಿ ಕೊಡಿ, ಹೆಸರನ್ನು ತಲೆಬರಹದಲ್ಲೇ ಹಾಕಿ. ಮೂರನ್ನೂ ಹೋಲಿಸಿ ತೋರಿಸುವ ಕೋಷ್ಟಕ ನೋಡಲು ಚೆಂದ, ಕಲಿಯುವವರಿಗೆ ಗೊಂದಲ.

ಹಂತ 7: 'ಹೀಗಾದರೆ' ಎಂಬ ಚೌಕ ಮತ್ತು ಸುರಕ್ಷತೆ

ಹಾಳೆಯ ಕೆಳಭಾಗದಲ್ಲಿ ಮೂರು ನಾಲ್ಕು ಗೆರೆಯ ಒಂದು ಚೌಕ ಬಿಡಿ. ತರಗತಿಯಲ್ಲಿ ನಿಮ್ಮನ್ನು ಯಾವುದಕ್ಕೆ ಹೆಚ್ಚು ಸಲ ಕರೆದರೋ ಅದನ್ನು ಬರೆಯಿರಿ. ನನ್ನ ಹಾಳೆಗಳಲ್ಲಿ ಹೆಚ್ಚಾಗಿ ಬರುವವು ಇವು:

ಇಂಗ್ಲಿಷ್ ಬದಲು ಕನ್ನಡ ಬರುತ್ತಿದೆ: ವಿಂಡೋಸ್ ಕೀ ಹಿಡಿದು ಸ್ಪೇಸ್ ಒಮ್ಮೆ ಒತ್ತಿ. (ಇದು ವಿಂಡೋಸ್‌ನ ಸ್ವಂತ ಕನ್ನಡ ಕೀಲಿಮಣೆಗೆ. ಬೇರೆ ತಂತ್ರಾಂಶವಿದ್ದರೆ ಅದರ ಕೀ ಯಾವುದೆಂದು ನೋಡಿ ಬರೆಯಿರಿ.)
ಪಾಸ್‌ವರ್ಡ್ ತಪ್ಪು ಎನ್ನುತ್ತಿದೆ: ಕ್ಯಾಪ್ಸ್ ಲಾಕ್ ದೀಪ ಉರಿಯುತ್ತಿದೆಯೇ ನೋಡಿ. ಪಾಸ್‌ವರ್ಡ್ ಚುಕ್ಕೆಯಾಗಿ ಕಾಣುತ್ತಿದ್ದರೆ ಅದು ಸರಿ, ಗಾಬರಿ ಬೇಡ.
ಬರೆದದ್ದೆಲ್ಲ ಹೋಯಿತು: ಬೇರೆ ಏನೂ ಮುಟ್ಟದೆ ಕಂಟ್ರೋಲ್ ಹಿಡಿದು ಝಡ್ ಒತ್ತಿ.
ಪುಟವೇ ಕಾಣುತ್ತಿಲ್ಲ: ಪರದೆಯ ಕೆಳಗಿನ ಪಟ್ಟಿಯಲ್ಲಿ ಕ್ರೋಮ್ ಗುರುತು ಹುಡುಕಿ ಕ್ಲಿಕ್ ಮಾಡಿ.

ಗ್ರಂಥಾಲಯದ ಕಂಪ್ಯೂಟರ್ ಹತ್ತು ಜನ ಬಳಸುವಂಥದ್ದು. ಆದ್ದರಿಂದ ಲಾಗಿನ್ ಇರುವ ಪ್ರತಿ ಹಾಳೆಯ ಕೊನೆಯ ಹೆಜ್ಜೆ ಸೈನ್ ಔಟ್ ಆಗಿರಲಿ. ಅದನ್ನು 'ಸೂಚನೆ' ಎಂದು ಬೇರೆ ಹಾಕಬೇಡಿ. ಸಂಖ್ಯೆ ಕೊಟ್ಟ ಹೆಜ್ಜೆಯನ್ನು ಜನ ಮಾಡುತ್ತಾರೆ, ಸೂಚನೆಯನ್ನು ಓದದೆ ಎದ್ದುಹೋಗುತ್ತಾರೆ. ಮೇಲಿನ ಉದಾಹರಣೆಯ ಕಪ್ಪು ಕಿಟಕಿಗೆ ಇನ್‌ಕಾಗ್ನಿಟೊ ಎಂದು ಹೆಸರು. ಮುಚ್ಚಿದ ಮೇಲೆ ನೀವು ನೋಡಿದ ಪುಟಗಳ ನೆನಪನ್ನು ಅದು ಆ ಕಂಪ್ಯೂಟರಿನಲ್ಲಿ ಉಳಿಸುವುದಿಲ್ಲ. ಆದರೆ ಡೌನ್‌ಲೋಡ್ ಮಾಡಿದ ಫೈಲು ಹಾಗೇ ಉಳಿಯುತ್ತದೆ. ಪಹಣಿಯೋ ಜಾತಿ ಪ್ರಮಾಣಪತ್ರವೋ ಇಳಿಸಿಕೊಳ್ಳುವ ಹಾಳೆಯಾದರೆ, ಡೌನ್‌ಲೋಡ್ಸ್ ಫೋಲ್ಡರಿನಿಂದ ಅಳಿಸಿ, ರಿಸೈಕಲ್ ಬಿನ್ ಖಾಲಿ ಮಾಡುವುದನ್ನೂ ಹೆಜ್ಜೆಯಾಗಿಯೇ ಸೇರಿಸಿ.

ಪಾಸ್‌ವರ್ಡ್ ಬರೆದುಕೊಳ್ಳಲು ಹಾಳೆಯಲ್ಲಿ ಜಾಗ ಕೊಡಬೇಡಿ. ಒಳ್ಳೆಯ ಮನಸ್ಸಿನಿಂದ ನಾನೇ ಒಮ್ಮೆ ಚುಕ್ಕಿಗೆರೆ ಬಿಟ್ಟಿದ್ದೆ. ಸಂಜೆ ಮೇಜಿನ ಮೇಲೆ ಮರೆತುಹೋದ ಮೂರು ಹಾಳೆಗಳಲ್ಲಿ ಮೂವರ ಪಾಸ್‌ವರ್ಡೂ ಇದ್ದವು. ಅವರನ್ನು ಕರೆಸಿ ಪಾಸ್‌ವರ್ಡ್ ಬದಲಿಸಿಕೊಟ್ಟೆ. ಬರೆದುಕೊಳ್ಳಲೇಬೇಕಾದವರು ಮನೆಯಲ್ಲಿಡುವ ಡೈರಿಯಲ್ಲಿ ಬರೆದುಕೊಳ್ಳಲಿ.

ಓಟಿಪಿ ಬರುವ ಹೆಜ್ಜೆಯ ಪಕ್ಕದಲ್ಲೇ 'ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ, ಗ್ರಂಥಾಲಯದವರಿಗೂ ಹೇಳಬೇಡಿ. ನೀವೇ ಟೈಪ್ ಮಾಡಿ' ಎಂದು ಬರೆಯಿರಿ. ನಿಮ್ಮನ್ನು ನಂಬಿ ಫೋನನ್ನೇ ಕೈಗೆ ಕೊಡುವವರು ಬಹಳ ಜನ. ಆ ಅಭ್ಯಾಸ ನಿಮ್ಮ ಹತ್ತಿರ ಬೆಳೆದರೆ ನಾಳೆ ಫೋನ್ ಮಾಡಿದ ಮೋಸಗಾರರ ಹತ್ತಿರವೂ ಹಾಗೇ ನಡೆದುಕೊಳ್ಳುತ್ತಾರೆ. ಹಣದ ವಿಷಯ ಬರುವ ಎಲ್ಲ ಹಾಳೆಗಳ ಅಡಿಯಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930 ದಪ್ಪಕ್ಷರದಲ್ಲಿ ಇರಲಿ. ದುಡ್ಡು ಹೋದ ಕೂಡಲೇ ಕರೆ ಮಾಡಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹಂತ 8: ಬಾಯಿ ಮುಚ್ಚಿ ಪಕ್ಕದಲ್ಲಿ ಕೂರುವುದು

ತರಗತಿಗೆ ಬಾರದ, ಆ ಕೆಲಸ ಗೊತ್ತಿಲ್ಲದ ಒಬ್ಬರನ್ನು ಕರೆದು ಹಾಳೆ ಕೊಡಿ. "ಇದು ನಿಮಗೆ ಪರೀಕ್ಷೆಯಲ್ಲ, ನಾನು ಸರಿಯಾಗಿ ಬರೆದಿದ್ದೇನೋ ಇಲ್ಲವೋ ನೋಡಬೇಕು" ಎಂದು ಮೊದಲೇ ಹೇಳಿ. ಆಮೇಲೆ ನೀವು ಮಾತಾಡಬಾರದು, ಬೆರಳು ತೋರಿಸಬಾರದು, ಹುಬ್ಬೂ ಹಾರಿಸಬಾರದು. ನಿಮ್ಮ ಪ್ರತಿಯಲ್ಲಿ ಗುರುತು ಹಾಕಿಕೊಳ್ಳುತ್ತಾ ಹೋಗಿ: ಎಲ್ಲಿ ನಿಂತರು, ಎಲ್ಲಿ ಎರಡು ಸಲ ಓದಿದರು, ಎಲ್ಲಿ ನಿಮ್ಮ ಮುಖ ನೋಡಿದರು.

ಮುಖ ನೋಡಿದ ಜಾಗದಲ್ಲಿ ಹಾಳೆ ಸೋತಿದೆ. ಅಲ್ಲಿ ನೀವು ಬಾಯಿಂದ ಏನು ಹೇಳಬೇಕೆಂದು ಚಡಪಡಿಸಿದಿರೋ, ಅದೇ ಮಾತು ಹಾಳೆಯಲ್ಲಿ ಇರಬೇಕಾಗಿತ್ತು, ಬರೆದುಬಿಡಿ. ಇಬ್ಬರ ಕೈಯಲ್ಲಿ ಹೀಗೆ ಮಾಡಿಸಿದರೆ ದೊಡ್ಡ ತೂತುಗಳೆಲ್ಲ ಸಿಗುತ್ತವೆ. ಈ ಹಂತ ಬಿಟ್ಟು ಅಚ್ಚಿಗೆ ಕೊಟ್ಟ ಹಾಳೆಗಳನ್ನು ಎರಡನೇ ಸಲ ಜೆರಾಕ್ಸ್ ಮಾಡಿಸಬೇಕಾಗಿ ಬಂದದ್ದು ನನ್ನ ಅನುಭವ.

ಹಂತ 9: ಅಚ್ಚು ಮತ್ತು ಹಂಚಿಕೆ

ಜೆರಾಕ್ಸ್ ಅಂಗಡಿಗೆ ವರ್ಡ್ ಫೈಲ್ ಒಯ್ಯಬೇಡಿ, ಪಿಡಿಎಫ್ ಒಯ್ಯಿರಿ. ಪಿಡಿಎಫ್‌ನಲ್ಲಿ ಫಾಂಟ್ ಫೈಲಿನೊಳಗೇ ಸೇರಿಕೊಂಡಿರುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಇದೇ ಕಾರಣಕ್ಕೆ ಮೊದಲಿನಿಂದಲೂ ಯೂನಿಕೋಡ್‌ನಲ್ಲೇ ಬರೆಯಿರಿ. ನಾಳೆ ವಾಟ್ಸಾಪಿನಲ್ಲಿ ಕಳಿಸಲೂ ಅದೇ ಬೇಕು.

ಜೆರಾಕ್ಸಿನ ಜೆರಾಕ್ಸ್ ಮಾಡಿಸಬೇಡಿ. ಮೂರನೇ ತಲೆಮಾರಿಗೆ ಒತ್ತಕ್ಷರಗಳು ಅಳಿಸಿಹೋಗಿರುತ್ತವೆ. ಮೂಲ ಪ್ರತಿಯ ಮೇಲೆ ಪೆನ್ಸಿಲ್‌ನಲ್ಲಿ 'ಮೂಲ' ಎಂದು ಬರೆದು ಪ್ಲಾಸ್ಟಿಕ್ ಕವರಿನಲ್ಲಿಡಿ. ಎಡ ಅಂಚಿನಲ್ಲಿ ಎರಡೂವರೆ ಸೆಂಟಿಮೀಟರ್ ಖಾಲಿ ಬಿಟ್ಟರೆ ಕಲಿಯುವವರು ಪಂಚ್ ಮಾಡಿ ಫೈಲಿಗೆ ಹಾಕಿಕೊಳ್ಳಬಹುದು. ಪ್ರತಿ ಕಂಪ್ಯೂಟರ್ ಪಕ್ಕ ಲ್ಯಾಮಿನೇಟ್ ಮಾಡಿದ ಒಂದೊಂದು ಪ್ರತಿ ಇರಲಿ.

ಹಂಚುವ ಸಮಯವೂ ಮುಖ್ಯ. ಪಾಠದ ಮೊದಲೇ ಕೊಟ್ಟರೆ ಎಲ್ಲರ ತಲೆ ಹಾಳೆಯಲ್ಲಿ ಹುದುಗುತ್ತದೆ, ಪರದೆ ನೋಡುವವರು ಇಲ್ಲ. ಕೊನೆಗೆ ಕೊಟ್ಟರೆ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಡುತ್ತಾರೆ. ನಾನು ಮಾಡುವುದು ಹೀಗೆ: ಮೊದಲು ಒಮ್ಮೆ ನಾನು ಮಾಡಿ ತೋರಿಸುತ್ತೇನೆ, ಎರಡನೇ ಸಲ ಅವರ ಜೊತೆ ಮಾಡಿಸುತ್ತೇನೆ. ಆಮೇಲೆ ಹಾಳೆ ಕೊಟ್ಟು, "ಈಗ ನಾನು ಇಲ್ಲ ಅಂದುಕೊಳ್ಳಿ" ಎಂದು ಹೇಳಿ ಕೋಣೆಯ ಹಿಂದೆ ಹೋಗಿ ನಿಲ್ಲುತ್ತೇನೆ. ಅವರು ಹಾಳೆಯ ಜೊತೆ ಕೆಲಸ ಮಾಡಿ ಅಭ್ಯಾಸವಾಗುವುದು ಆ ಮೂರನೇ ಸಲದಲ್ಲಿ.

ಪ್ರತಿ ಹಾಳೆಯ ಅಡಿಯಲ್ಲಿ ಸಿದ್ಧವಾದ ತಿಂಗಳು, ವರ್ಷ ಹಾಕಿ. ಪರದೆಗಳು ಬದಲಾಗುತ್ತಲೇ ಇರುತ್ತವೆ. ಮೂರು ತಿಂಗಳಿಗೊಮ್ಮೆ ಕಂಪ್ಯೂಟರ್ ಮುಂದೆ ಕೂತು ಎಲ್ಲ ಹಾಳೆಗಳನ್ನೂ ಒಂದೊಂದಾಗಿ ಮಾಡಿ ನೋಡಿ. ಹಾಳೆಯಲ್ಲಿ ಎಡಗಡೆ ಎಂದಿರುವ ಬಟನ್ ಬಲಗಡೆ ಹೋಗಿದ್ದರೆ ಆ ಹಾಳೆಯ ಉಳಿದ ಪ್ರತಿಗಳನ್ನು ಅಂದೇ ಕಪಾಟಿನಿಂದ ತೆಗೆಯಿರಿ. ಹಳೆಯ ಹಾಳೆ ನೋಡಿಕೊಂಡು ಕೆಲಸ ಮಾಡಿದವರು ತಪ್ಪು ತಮ್ಮದೇ ಎಂದುಕೊಂಡು ಸುಮ್ಮನೆ ಎದ್ದುಹೋಗುತ್ತಾರೆ, ನಿಮ್ಮ ಹತ್ತಿರ ಬಂದು ಹೇಳುವುದಿಲ್ಲ.